ತಾಲ್ಲೂಕು ಸರಿಸಿದ ಪೂಜೆ

ದೇವರ ಮುಂದೆ ಕುಳಿತಾಗ ನಾನು ಮೊದಲು ಮಾಡುವ ಕೆಲಸ ನನ್ನ ವಿಳಾಸವನ್ನು ಹೇಳಿಕೊಳ್ಳುವುದು. ಸಂಕಲ್ಪವೆಂದು ಕರೆಯುವ ಆ ಕೆಲವು ವಾಕ್ಯಗಳಲ್ಲಿ, ಪೂಜೆಗೆ ಕುಳಿತವನು ಯಾವ ಕಾಲದಲ್ಲಿ, ಯಾವ ಸ್ಥಳದಲ್ಲಿ ಕುಳಿತಿದ್ದಾನೆ ಎಂಬುದನ್ನು ಭಗವಂತನಿಗೆ ಅರಿಕೆ ಮಾಡಿಕೊಳ್ಳಬೇಕು. ಜಂಬೂದ್ವೀಪದಿಂದ ಹೊರಟು, ಭರತವರ್ಷ, ಭರತಖಂಡ, ದಂಡಕಾರಣ್ಯ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಗೋದಾವರಿಯ ದಕ್ಷಿಣ ತೀರಕ್ಕೆ ಬಂದು ನಮ್ಮ ಹಿರಿಯರು ನಿಂತುಬಿಟ್ಟಿದ್ದಾರೆ. ಅಲ್ಲಿಂದ ನಮ್ಮ ಊರಿಗೆ ಇನ್ನೂ ಎಷ್ಟೋ ದೂರವಿದೆ. ಅಷ್ಟು ದೂರವನ್ನು ಭಗವಂತನು ದಾರಿಯುದ್ದಕ್ಕೂ ವಿಚಾರಿಸಿಕೊಂಡು ಬರಬೇಕಾಗುವುದಲ್ಲ ಎಂಬ ಅಳುಕು ನನಗೆ ಚಿಕ್ಕಂದಿನಿಂದಲೂ ಇತ್ತು. ಆದಕಾರಣ, ಪಾಠಶಾಲೆಯ ಗುರುಗಳು ಕೇಳಿದ್ದರೆ ಕಿವಿ ಹಿಂಡುತ್ತಿದ್ದರೆಂದು ಬಲ್ಲೆನಾದರೂ, ಗೋದಾವರಿಯಿಂದ ಮುಂದಿನ ದಾರಿಯನ್ನು ನಾನೇ ಸೇರಿಸಿಕೊಂಡೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಅಂಚೆಯವನಿಗೆ ಸಾಲುವಷ್ಟು ವಿವರ ಅಂತರ್ಯಾಮಿಗೂ ಸಾಕೆಂದು ನನ್ನ ಎಣಿಕೆ.

ಇದರಿಂದ ಒದಗಿದ ತೊಂದರೆಯೆಂದರೆ, ಜಂಬೂದ್ವೀಪ ಇದ್ದಲ್ಲಿಯೇ ಇದ್ದರೂ ಕೆಳಗಿನ ಮೆಟ್ಟಿಲುಗಳು ನಿಲ್ಲುತ್ತಿರಲಿಲ್ಲ. ನಾನು ಉಪನಯನವಾಗಿ ಮೊದಲ ಸಂಕಲ್ಪ ಮಾಡಿದಾಗ ಮೈಸೂರು ರಾಜ್ಯ, ಬೆಂಗಳೂರು ಜಿಲ್ಲೆ. ಅದೇ ಮಣೆಯ ಮೇಲೆ, ಅದೇ ಮೂಡಣ ದಿಕ್ಕಿಗೆ ಮುಖ ಮಾಡಿ ಕುಳಿತಿರುವಂತೆಯೇ ರಾಜ್ಯದ ಹೆಸರು ಬದಲಾಯಿತು. ಬಳಿಕ ಜಿಲ್ಲೆ ಎರಡಾಗಿ, ಪಟ್ಟಣ ಪಟ್ಟಣದ ಪಾಲಿಗೆ ಹೋಗಿ, ನಮ್ಮ ಪಾಲಿಗೆ ಗ್ರಾಮಾಂತರವೆಂಬ ಹೆಸರು ಬಂತು. ಇಪ್ಪತ್ತು ವರ್ಷ ಕಳೆದು ದಕ್ಷಿಣದ ತಾಲ್ಲೂಕುಗಳು ಬೇರೆ ಒಲೆ ಹೂಡಿದವು. ಗ್ರಾಮಾಂತರ ಜಿಲ್ಲೆಯ ಕಚೇರಿಯಂತೂ ಬಹುಕಾಲ ನಗರದಲ್ಲಿಯೇ ಇತ್ತು. ನಮ್ಮ ಜಿಲ್ಲಾಧಿಕಾರಿಗಳನ್ನು ಕಾಣಲು ನಾವು ನಮ್ಮ ಜಿಲ್ಲೆಯನ್ನು ಬಿಟ್ಟು ಹೊರಗೆ ಹೋಗುತ್ತಿದ್ದೆವು. ಈಗ ಅದು ದೇವನಹಳ್ಳಿಯ ಕಡೆಗೆ ಬಂದಿದೆ. ಜಿಲ್ಲೆಯ ಹೆಸರನ್ನೇ ಬದಲಿಸುವ ಮಾತು ಪತ್ರಿಕೆಗಳಲ್ಲಿ ಬರುತ್ತಿದೆ. ಅದನ್ನು ನಾನು ದೇವರಿಗೆ ಇನ್ನೂ ತಿಳಿಸಿಲ್ಲ.

ಇಷ್ಟು ದೊಡ್ಡ ದೇಶವನ್ನು ಆಳುವವರು ತುಂಡು ತುಂಡು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ದೊಡ್ಡಬಳ್ಳಾಪುರದ ಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಿವೃತ್ತನಾದವನು ನಾನು. ಗ್ರಂಥವನ್ನು ಅಧ್ಯಾಯಗಳಾಗಿ ವಿಭಾಗಿಸದಿದ್ದರೆ ಏನಾಗುತ್ತದೆಂದು ಬಲ್ಲೆ. ಆದರೆ ಅಧ್ಯಾಯ ಮುಗಿದುದು ಓದುವವನಿಗೆ ಕಾಣುತ್ತದೆ. ತಾಲ್ಲೂಕು ಮುಗಿದುದು ಕಾಣುವುದಿಲ್ಲ. ನಮ್ಮದು ಮಧುರೆ ಹೋಬಳಿಯ ಕಟ್ಟಕಡೆಯ ಊರು. ಪಡುವಣ ದಿಕ್ಕಿನ ಹೊಲಗಳು ಮುಗಿಯುವಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕು ಮುಗಿದು ನೆಲಮಂಗಲ ತಾಲ್ಲೂಕು ಆರಂಭವಾಗುತ್ತದೆ. ಹೀಗೆಂದು ಕಾಗದ ಹೇಳುತ್ತದೆ. ನೆಲದ ಮೇಲೆ ನೋಡಿದರೆ ಒಂದೇ ಅವರೆ ಬಳ್ಳಿ ಎರಡು ತಾಲ್ಲೂಕಿಗೂ ಹಬ್ಬಿರುತ್ತದೆ.

ಆ ಗಡಿಯನ್ನು ಒಮ್ಮೆ ನಾನು ನನ್ನ ಕೈಯಾರೆ ಇಪ್ಪತ್ತು ಮಾರು ಸರಿಸಿದೆ. ಸರಿಸಿದ್ದು ಮಂತ್ರಪೂರ್ವಕವಾಗಿ.

ಊರಿನ ಪಡುವಣ ಅಂಚಿನಲ್ಲಿ ಒಂದು ರೈತ ಕುಟುಂಬವಿದೆ. ಮನೆಯ ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು. ಈಗಿರುವವರು ಅವರ ಹೆಂಡತಿ, ನನ್ನ ವಯಸ್ಸಿನವರು, ಊರಿಗೆಲ್ಲ ದೊಡ್ಡಮ್ಮ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗಿ ಬರುವ ಅವರ ಮಗ, ಮತ್ತು ಸೊಸೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಯಜಮಾನರು ಹೊಸ ಮನೆ ಕಟ್ಟಿಸಲು ಪಾಯ ತೋಡಿಸುವಾಗ, ಅಡುಗೆಮನೆಯ ಹಿಂಗೋಡೆ ಬರುವ ಸ್ಥಳದ ಮಗ್ಗುಲಲ್ಲಿ ಒಂದು ಕಲ್ಲು ಸಿಕ್ಕಿತು. ಮೊಣಕಾಲೆತ್ತರದ ಚೌಕ ಕಲ್ಲು. ನೆತ್ತಿಯ ಮೇಲೆ ಉಳಿಯಿಂದ ಕೆತ್ತಿದ ಮೂರು ಗೀಟುಗಳು ಒಂದು ಬಿಂದುವಿನಲ್ಲಿ ಕೂಡಿದ್ದವು. ಕೆಲಸದವರು ಹಾರೆಯನ್ನು ಕೆಳಗಿಟ್ಟು ದೂರ ನಿಂತರು. ನನಗೆ ಕರೆ ಬಂತು.

ನಾನು ಹೋಗಿ, ಮಣ್ಣು ಒರೆಸಿ, ನೀರು ಪ್ರೋಕ್ಷಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮೂರು ಮೊನೆ, ಒಂದು ಬುಡ. ತ್ರಿಶೂಲವಲ್ಲದೆ ಇದು ಮತ್ತೇನಿದ್ದೀತು ಎಂದೆ. ನೆರೆದಿದ್ದವರೆಲ್ಲ ಮುನೇಶ್ವರ ಎಂದು ಕೈಮುಗಿದರು. ಮುನೇಶ್ವರನಿಗೆ ಪೂಜೆ ಸಲ್ಲಿಸುವುದು ನಮ್ಮ ಮನೆತನದ ಕ್ರಮದಲ್ಲಿ ಇರಲಿಲ್ಲ. ಆದರೆ ತ್ರಿಶೂಲ ಕಂಡಮೇಲೆ ಶಿವನೆಂದೇ ಭಾವಿಸಬಹುದೆಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಆಗ ದೊಡ್ಡಮ್ಮನವರು ಸೆರಗು ಹೊದ್ದು ಮುಂದೆ ಬಂದು ವಿನಯದಿಂದ ಒಂದು ಮಾತು ಕೇಳಿದರು.

"ಅಯ್ನೋರೆ, ಇದ್ರ ಪಕ್ಕಕ್ಕೇ ಬಚ್ಚಲು ಬತ್ತದೆ. ದೇವ್ರ ಮೇಲೆ ಬಚ್ಚಲ ನೀರು ಬೀಳ್ಬೋದಾ?"

"ಖಂಡಿತ ಕೂಡದಮ್ಮ" ಎಂದೆ.

"ಹಂಗಾರೆ ಮನೆ ಮುಂದ್ಕೆ, ಆ ಬೇವಿನ ಮರದ ಕೆಳೀಕೆ ಕರ್ಕೊಂಡೋಗಿ ಕೂರ್ಸಿದ್ರೆ ಹೆಂಗೆ? ತಂಪಾಗಿ ಇರ್ತಾನೆ."

ಆಕೆಯ ಭಕ್ತಿಯನ್ನು ಕಂಡು ನನಗೆ ಸಂತೋಷವಾಯಿತು. ಒಳ್ಳೆಯ ನಕ್ಷತ್ರ ನೋಡಿ, ಕಲಶ ಸ್ಥಾಪಿಸಿ, ರುದ್ರ ಹೇಳಿ, ನಾಲ್ಕು ಜನರಿಂದ ಕಲ್ಲನ್ನು ಹೊರಿಸಿಕೊಂಡು, ಮನೆಯ ಮುಂದಿನ ಬೇವಿನ ಮರದ ಕೆಳಗೆ ಪ್ರತಿಷ್ಠಾಪಿಸಿದೆ. ಅಂದಿನ ಕೋಸಂಬರಿಯ ರುಚಿ ನನಗಿನ್ನೂ ನೆನಪಿದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾವ ಪೂಜೆ ನಡೆದರೂ, ನಾನು ಸಂಕಲ್ಪದಲ್ಲಿ ತಾಲ್ಲೂಕಿನ ಹೆಸರಿಗೆ ಬಂದಾಗ ದೊಡ್ಡಮ್ಮನವರು ಬಾಗಿಲ ಬಳಿಯಿಂದ, "ನೆಲಮಂಗ್ಲ ಅನ್ನಿ ಅಯ್ನೋರೆ" ಎನ್ನುವರು. ಅವರ ತವರು ನೆಲಮಂಗಲ ತಾಲ್ಲೂಕು. ಹೆಣ್ಣುಮಕ್ಕಳಿಗೆ ತವರಿನ ಮೇಲಿನ ಮಮತೆ ಎಂದು ನಾನು ನಕ್ಕು, ಗಡಿಯಂಚಿನ ಮನೆಗೆ ಯಾವುದಾದರೇನು ಎಂದುಕೊಂಡು, ನೆಲಮಂಗಲವೆಂದೇ ಹೇಳಿಬಿಡುತ್ತಿದ್ದೆ.

ಹೀಗೆ ಮೂವತ್ತು ವರ್ಷ ಸುಖವಾಗಿ ಕಳೆಯಿತು. ಈಚೆಗೆ ನಮ್ಮೂರ ಅಂಗನವಾಡಿಯ ಕಾರ್ಯಕರ್ತೆ ನಿವೃತ್ತರಾದರು. ಆ ಸ್ಥಾನಕ್ಕೆ ದೊಡ್ಡಮ್ಮನವರ ಸೊಸೆ ಅರ್ಜಿ ಹಾಕಿದಳು. ಪಿ.ಯು.ಸಿ. ಓದಿದ ಹೆಣ್ಣುಮಗಳು. ಐದಾರು ವರ್ಷಗಳಿಂದ ತನ್ನ ಮನೆಯ ಜಗಲಿಯಲ್ಲಿ ಊರಿನ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು, ಯಾರೂ ಕೇಳದಿದ್ದರೂ, ಅ ಆ ಇ ಈ ತಿದ್ದಿಸುತ್ತಿದ್ದಳು. ಅವಳಿಗೆ ಆ ಕೆಲಸ ಬೇಕಾಗಿದ್ದುದು ಎಷ್ಟೆಂಬುದನ್ನು ನಾನು ಕಂಡಿದ್ದೆ. ಮಗು ಅಕ್ಷರ ತಿದ್ದುವಾಗ ಅವಳ ತುಟಿಯೂ ಜೊತೆಗೆ ಅಲುಗುತ್ತಿತ್ತು. ಆದರೆ ಅವಳಿಗೆ ವಯಸ್ಸಿನ ಮಿತಿ ಇನ್ನೆರಡು ತಿಂಗಳಿಗೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ. ಇನ್ನೊಂದು ನಿಯಮವೂ ಇತ್ತು: ಅರ್ಜಿದಾರಳು ಅದೇ ಗ್ರಾಮದ ನಿವಾಸಿಯಾಗಿರಬೇಕು.

ಅದರಲ್ಲೇನು, ಪಡಿತರ ಚೀಟಿ ಇಲ್ಲಿಯದು, ಮತ ಇಲ್ಲಿಯದು ಎಂದು ಎಲ್ಲರೂ ನಿಶ್ಚಿಂತರಾಗಿದ್ದರು. ಅಷ್ಟರಲ್ಲಿ ಮತ್ತೊಬ್ಬ ಅರ್ಜಿದಾರಳ ಕಡೆಯವರು ತಕರಾರು ಕೊಟ್ಟರು. ಆ ಮನೆ ನಮ್ಮ ಗ್ರಾಮದಲ್ಲಿಯೇ ಇಲ್ಲ, ಗಡಿಯಾಚೆ ನೆಲಮಂಗಲ ತಾಲ್ಲೂಕಿನಲ್ಲಿದೆ ಎಂದು. ಸ್ಥಳ ನೋಡಲು ಗ್ರಾಮ ಆಡಳಿತಾಧಿಕಾರಿ ಬಂದ. ಅವನ ಹುದ್ದೆಗೆ ಈ ಹೆಸರು ಬಂದಿದ್ದರೂ ಊರ ಬಾಯಲ್ಲಿ ಅವನು ಇನ್ನೂ ಲೆಕ್ಕಿಗರೇ. ಎಳೆಯ ವಯಸ್ಸಿನ, ಬೈಕಿನಿಂದ ಇಳಿದಾಗಲೂ ಹೆಲ್ಮೆಟ್ ತೆಗೆಯಲು ಮರೆಯುವಷ್ಟು ಅವಸರದ ಮನುಷ್ಯ. ಸಾಕ್ಷಿಗೆ ಊರಿನ ಹಿರಿಯನೆಂದು ನನ್ನನ್ನು ಕರೆಸಿದ್ದರು.

ಅವನು ಮೊಬೈಲನ್ನು ಹಿಡಿದುಕೊಂಡು ಮನೆಯ ಸುತ್ತ ಎರಡು ಪ್ರದಕ್ಷಿಣೆ ಬಂದ.

"ಏನಂತದಪ್ಪಾ ನಿನ್ನ ಫೋನು?" ಎಂದರು ದೊಡ್ಡಮ್ಮ.

"ನೆಟ್‌ವರ್ಕ್ ಸಿಗ್ತಿಲ್ಲ ಅಜ್ಜಿ. ಒಂದ್ಸಲ ದೊಡ್ಡಬಳ್ಳಾಪುರ ಅನ್ನುತ್ತೆ, ಒಂದ್ಸಲ ನೆಲಮಂಗಲ ಅನ್ನುತ್ತೆ."

"ಅದ್ಕೂ ತವರು ಗಂಡನ ಮನೆ ಎರಡೂ ಬೇಕು ಅನ್ಸತ್ತೆ. ಬಾ, ಮಜ್ಜಿಗೆ ಕುಡಿ."

ಮಜ್ಜಿಗೆಯ ಲೋಟವನ್ನು ಹಿಡಿದು ಬೇವಿನ ಮರದ ಕೆಳಗೆ ನಿಂತವನು ಥಟ್ಟನೆ ಬಗ್ಗಿದ. ಅರಿಸಿನ ಕುಂಕುಮದ ಪದರಗಳ ಕೆಳಗಿನಿಂದ ಮೂರು ಗೀಟುಗಳು ಇಣುಕುತ್ತಿದ್ದವು.

"ಅರೆ, ಗಡಿಕಲ್ಲು ಇಲ್ಲೇ ಇದ್ಯಲ್ಲ. ಬಾಣದ ಗುರುತು ನೋಡಿ ಗುರುಗಳೇ, ಸರ್ವೆಯವರು ಹೊಡೆಯೋದು. ಇದ್ರಿಂದ ಆಚೆಗಿರೋದೆಲ್ಲ ನೆಲಮಂಗಲ. ಹಂಗಾದ್ರೆ ಇವರ ಮನೆ ಪೂರ್ತಿ ಆ ಕಡೆಗೇ ಹೋಯ್ತು."

ಸೊಸೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಹಿಡಿದ ಹಾಗೆಯೇ ಕುಳಿತಳು. ನನ್ನ ಸ್ಥಿತಿ ಅದಕ್ಕಿಂತ ಉತ್ತಮವಾಗಿರಲಿಲ್ಲ. ಅಷ್ಟು ವರ್ಷ ರುದ್ರ ಹೇಳಿಸಿಕೊಂಡ ತ್ರಿಶೂಲವು ಒಂದು ಲೋಟ ಮಜ್ಜಿಗೆಯ ಅವಧಿಯಲ್ಲಿ ಬಾಣವಾಗಿ ತಿರುಗಿ, ನೇರ ನನ್ನ ಎದೆಗೇ ಬಂದು ನೆಟ್ಟಿತ್ತು. ಮುಂದಿನ ಶುಕ್ರವಾರ ಸರ್ವೇಯರು ಬಂದು ಅಳೆಯುತ್ತಾರೆಂದೂ, ಅವರ ಟಿಪ್ಪಣಿಯ ಮೇಲೆ ವಾಸಸ್ಥಳದ ಪತ್ರ ತೀರ್ಮಾನವಾಗುವುದೆಂದೂ ಹೇಳಿ ಲೆಕ್ಕಿಗರು ಹೊರಟರು. ನಾನು ಅಂದು ಬಾಯಿ ಬಿಡಲಿಲ್ಲ. ಅದನ್ನು ಇಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ಹೆಂಡತಿಗೆ ನಡೆದುದನ್ನು ತಿಳಿಸಿದೆ. ಆಕೆ ಹುಣಿಸೆಹಣ್ಣು ಬಿಡಿಸುತ್ತಿದ್ದಳು, ತಲೆಯೆತ್ತದೆ ಕೇಳಿದಳು.

"ಅಂದ್ರೆ ನೀವು ಮಡಿಯುಟ್ಕೊಂಡು ಒಂದು ತಾಲ್ಲೂಕನ್ನೇ ಎತ್ತಿ ಈಚೆಗಿಟ್ರಿ."

"ಇಪ್ಪತ್ತು ಮಾರು ಮಾತ್ರ."

"ಪಾಪ, ಸಾಧು ಸ್ವಭಾವ. ಇನ್ನೊಂದು ನಾಲ್ಕು ಕಲ್ಲು ಸಿಕ್ಕಿದ್ರೆ ನೆಲಮಂಗಲವನ್ನ ತಂದು ನಮ್ಮ ಹಿತ್ತಲಲ್ಲಿ ಕಟ್ತಿದ್ರಿ." ಬಿಡಿಸಿದ ಬೀಜಗಳನ್ನು ಒಂದು ಕಡೆಗೆ ಸರಿಸಿ, "ಆ ಹುಡುಗಿ ಗತಿ ಏನ್ರೀ?" ಎಂದಳು.

ಅದೇ ಪ್ರಶ್ನೆ ನನ್ನನ್ನೂ ತಿನ್ನುತ್ತಿತ್ತು. ಸತ್ಯ ಹೇಳಿದರೆ ಹುಡುಗಿಗೆ ಕೆಲಸ ಸಿಕ್ಕಬಹುದು. ಆದರೆ ದೊಡ್ಡಮ್ಮನವರು ಮೂವತ್ತು ವರ್ಷ ದೀಪ ಹಚ್ಚಿದ ಮುನೇಶ್ವರನು ಸರ್ವೆ ಇಲಾಖೆಯ ಕಲ್ಲೆಂದು ನನ್ನ ಬಾಯಿಂದಲೇ ಹೇಳಬೇಕು. ಒಬ್ಬರ ದೇವರನ್ನು ಕಿತ್ತು ಮತ್ತೊಬ್ಬರಿಗೆ ಉದ್ಯೋಗ ಕೊಡಿಸುವುದು ಧರ್ಮವೋ ಅಧರ್ಮವೋ ಎಂದು ಎರಡು ದಿನ ಗ್ರಂಥಗಳನ್ನು ತೆಗೆದು ನೋಡಿದೆ. ದೇವರನ್ನು ಸ್ಥಾಪಿಸುವ ವಿಧಿ ಬಹಳ ಕಡೆ ಇದೆ. ತಪ್ಪು ತಿಳಿದು ಸ್ಥಾಪಿಸಿದವನು ಯಾವ ಮುಖ ಇಟ್ಟುಕೊಂಡು ಆ ಮನೆಯ ಹೆಂಗಸಿನ ಮುಂದೆ ನಿಲ್ಲಬೇಕೆಂಬುದನ್ನು ಯಾರೂ ಬರೆದಿಲ್ಲ. ಮೂರನೆಯ ದಿನ ಪುಸ್ತಕ ಮುಚ್ಚಿ ನಾನೇ ಹೋದೆ.

ದೊಡ್ಡಮ್ಮನವರು ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ನಾನು ಪೀಠಿಕೆ ಹಾಕಿದೆ. ಭಗವಂತನು ಸರ್ವವ್ಯಾಪಿ, ಶಿಲೆಯು ನಿಮಿತ್ತಮಾತ್ರ, ಭಾವವೇ ಪ್ರಧಾನ ಎಂದೆಲ್ಲ ಒಂದು ಗಳಿಗೆ ಮಾತಾಡಿ, ಕೊನೆಗೆ ತಗ್ಗಿದ ದನಿಯಲ್ಲಿ ವಿಷಯಕ್ಕೆ ಬಂದೆ.

"ಅಮ್ಮಾ, ಅದು ದೇವರ ಕಲ್ಲಲ್ಲ. ಗಡಿಯ ಕಲ್ಲು. ನನ್ನಿಂದ ಪ್ರಮಾದವಾಯಿತು."

ಅವರು ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಬಿಡಿ ಅಯ್ನೋರೆ."

"ಏನು ಗೊತ್ತಿತ್ತು?"

"ಗಡಿಕಲ್ಲು ಅಂತ. ನಮ್ಮಪ್ಪ ಪಟೇಲ್ರಲ್ವಾ. ಹೊಲ ಅಳೆಯೋ ಮೋಜಣಿಯೋರು ಬಂದ್ರೆ ಅವ್ರಿಗೆ ನೀರು ಹೊತ್ಕೊಂಡು ಹೊಲದ ಮೇಲೆಲ್ಲ ತಿರುಗಿದ್ದು ನಾನೇ. ಇಂಥ ಕಲ್ಲು ಎಷ್ಟು ನೋಡಿವ್ನಿ."

ನಾನು ಬೇವಿನ ಮರದ ಕಟ್ಟೆಗೆ ಒರಗಿಕೊಂಡೆ. "ಹಾಗಿದ್ದರೆ ಅಂದು ನನಗೇಕೆ ಹೇಳಲಿಲ್ಲ?"

"ನೀವು ತ್ರಿಶೂಲ ಅಂದ್ರಿ. ಅಷ್ಟು ಓದಿರೋರು ಅಂದ್ಮೇಲೆ ನಾನು ಎದುರಾಡಕಾಯ್ತದಾ?" ಮೊರದಿಂದ ಹೊಟ್ಟು ಹಾರಿ ನನ್ನ ಪಂಚೆಯ ಮೇಲೆ ಬಿತ್ತು. ಅದು ತಾನಾಗಿ ಬಿದ್ದದ್ದೋ ಅಲ್ಲವೋ ಹೇಳಲಾರೆ. "ಇನ್ನೊಂದು ಇಚಾರ ಐತೆ. ನಾವು ನಾಲ್ಕು ಜನ ಅಕ್ಕತಂಗೀರು. ಮೂರು ಜನನ್ನ ನೆಲಮಂಗ್ಲ ತಾಲ್ಲೂಕಲ್ಲೇ ಕೊಟ್ರು. ನನ್ನೊಬ್ಳನ್ನ ಆಚೆಗೆ ಹಾಕಿದ್ರು. ಹಬ್ಬಕ್ಕೆ ಹೋದ್ರೆ ಸಾಕು, ಬಂದ್ಳು ನೋಡ್ರೇ ಹೊರತಾಲ್ಲೂಕಿನೋಳು ಅಂತ ಆಡ್ಕೋತಿದ್ರು. ಈ ಕಲ್ಲು ಮನೆ ಮುಂದಕ್ಕೆ ಬಂದ್ಮೇಲೆ ಕರ್ಕೊಂಬಂದು ತೋರಿಸ್ದೆ. ನೋಡ್ರವ್ವಾ, ಗಡಿ ಇಲ್ಲೈತೆ, ನನ್ನ ಮನೆ ನಿಮ್ಮ ತಾಲ್ಲೂಕಲ್ಲೇ ಐತೆ ಅಂತ. ಆಮೇಲೆ ಯಾರೂ ಉಸಿರೆತ್ತಲಿಲ್ಲ."

ಇಡೀ ಪೂಜೆಯೇ ಒಂದು ಹುನ್ನಾರವಾಗಿತ್ತೆಂದೂ, ಅದರಲ್ಲಿ ನಾನು ಕಲ್ಲು ಹೊತ್ತ ಐದನೆಯ ಆಳೆಂದೂ ಅರಿವಾಗಲು ನನಗೆ ಕೆಲವು ಕ್ಷಣ ಬೇಕಾಯಿತು. ಸಂಕಲ್ಪದ ಹೊತ್ತಿನಲ್ಲಿ ಬಾಗಿಲ ಬಳಿಯಿಂದ ಬರುತ್ತಿದ್ದ "ನೆಲಮಂಗ್ಲ ಅನ್ನಿ" ಎಂಬ ದನಿ ಕಿವಿಯಲ್ಲಿ ಹೊಸದಾಗಿ ಕೇಳಿಸಿತು.

"ಮತ್ತೆ ದಿನವೂ ದೀಪ ಹಚ್ಚಿದಿರಲ್ಲ?"

"ಅದು ಸುಳ್ಳಲ್ಲ." ಈಗ ಮೊರ ನಿಂತಿತು. "ಮೊದಮೊದ್ಲು ನೀವು ನೋಡ್ಲಿ ಅಂತ ಹಚ್ತಿದ್ದೆ. ಆಮೇಲೆ ನಮ್ಮ ಯಜಮಾನ್ರು ಹೋದಾಗ ಅದ್ರ ಮುಂದೇನೇ ಕೂತ್ಕೊಂಡು ಅತ್ತಿದ್ದು. ಸರ್ಕಾರದ ಕಲ್ಲಾದ್ರೆ ಕಿವಿ ಇಲ್ವಾ?"

ನನ್ನ ಎರಡು ದಿನದ ಗ್ರಂಥಾವಲೋಕನಕ್ಕೆ ಇಷ್ಟು ಚಿಕ್ಕ ಉತ್ತರ ಸಿಕ್ಕಿತು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

"ಅತ್ತೆ, ಹೇಳ್ಬಿಡಿ ಅತ್ತೆ ಶುಕ್ರವಾರ. ನಂಗೆ ಇದೊಂದೇ ಸಲ ಇರೋದು" ಎಂದಳು. ಬೇಡುವ ದನಿಯಲ್ಲ, ಜಗಳದ ದನಿಯೂ ಅಲ್ಲ. ಮಕ್ಕಳಿಗೆ ಒಂದು ಅಕ್ಷರವನ್ನು ಎರಡನೆಯ ಸಲ ತೋರಿಸುವ ದನಿ.

ದೊಡ್ಡಮ್ಮ ಸೊಸೆಯನ್ನೇ ನೋಡಿದರು. "ನಿನ್ನ ಕೆಲ್ಸಕ್ಕೋಸ್ಕರ ನಾನು ಈ ವಯಸ್ಸಲ್ಲಿ ತವರು ಬಿಟ್ಟು ಗಂಡನ ಮನೆಗೆ ಬರ್ಬೇಕೇನೇ?" ಎಂದು ಮೊರವನ್ನು ಕೆಳಗಿಟ್ಟು ಎದ್ದು, ಒಳಗೆ ಹೋಗಿಬಿಟ್ಟರು. ಅದು ಒಪ್ಪಿಗೆಯೋ ನಿರಾಕರಣೆಯೋ ನಮಗಿಬ್ಬರಿಗೂ ತಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಸರ್ವೇಯರು ಬಂದರು. ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಉದ್ದನೆಯ ಕೋಲಿನ ತುದಿಗೆ ಅಣಬೆಯಂತಹ ಯಂತ್ರವೊಂದನ್ನು ಸಿಕ್ಕಿಸಿ ಅಲ್ಲಲ್ಲಿ ನಿಂತು ನೋಡಿದರು, ಹಳೆಯ ನಕ್ಷೆಯನ್ನು ಬಿಡಿಸಿದರು, ಮಡಿಸಿದರು. ಕೊನೆಗೆ ಬೇವಿನ ಮರದ ಬಳಿಗೆ ಬಂದು, ಚಪ್ಪಲಿ ಕಳಚಿ, ಕಲ್ಲಿಗೆ ಒಮ್ಮೆ ನಮಸ್ಕಾರ ಮಾಡಿ, ಆಮೇಲೆ ನಮ್ಮ ಕಡೆ ತಿರುಗಿದರು.

"ಯಂತ್ರದ ಪ್ರಕಾರ ಗಡಿ ಮನೆ ಹಿಂದುಗಡೆ ಎಲ್ಲೋ ಬರುತ್ತೆ. ಕಲ್ಲು ಮುಂದುಗಡೆ ಇದೆ. ಎರಡೂ ಹೊಂದಲ್ಲ ಅಂದ್ರೆ ನಾನು ಮೇಲಕ್ಕೆ ಬರೀಬೇಕು. ಅಲ್ಲಿಂದ ತಿರುಗಿ ಬರೋ ಹೊತ್ತಿಗೆ ತಿಂಗಳುಗಟ್ಲೆ ಆಗುತ್ತೆ. ಈ ಕಲ್ಲನ್ನ ಯಾರಾದ್ರೂ ಸರಿಸಿದ್ದಾರಾ? ಸರಿಸಿದೋರು ಇದ್ದು ಹಳೇ ಗುಳಿ ತೋರಿಸಿದ್ರೆ, ಇವತ್ತೇ ಮುಗಿಸಬಹುದು."

ನೆರೆದಿದ್ದ ಊರವರೆಲ್ಲ ಬೇವಿನ ಮರವನ್ನು ನೋಡಿದರು. ಲೆಕ್ಕಿಗರು ಹೆಲ್ಮೆಟ್ಟಿನೊಳಗಿನಿಂದ ನನ್ನನ್ನು ನೋಡಿದರು.

"ಸರಿಸಿದವನು ನಾನು" ಎಂದೆ.

"ನೀವಾ ಸ್ವಾಮಿ? ಗಡಿಕಲ್ಲು ಸರಿಸೋದು ಅಪರಾಧ ಅಂತ ಗೊತ್ತಿಲ್ವಾ?"

"ಗಡಿಕಲ್ಲೆಂದು ಗೊತ್ತಿರಲಿಲ್ಲ. ಮುನೇಶ್ವರನೆಂದು ಗೊತ್ತಿತ್ತು."

ಸರ್ವೇಯರು ಕಾಗದವನ್ನು ನೋಡಿದರು. ಇದನ್ನು ಬರೆಯಲು ಅದರಲ್ಲಿ ಜಾಗವಿಲ್ಲವೆಂಬುದು ಸ್ಪಷ್ಟವಾಗಿತ್ತು. "ಹಳೇ ಗುಳಿ ಎಲ್ಲಿ ಬರುತ್ತೆ?" ಎಂದರು.

ಇಲ್ಲಿ ನನ್ನ ನೆನಪು ಕೈಕೊಟ್ಟಿತು. ಅಡುಗೆಮನೆಯ ಹಿಂದೆಂದು ಬಲ್ಲೆ. ಯಾವ ಮೂಲೆ, ಎಷ್ಟು ದೂರ? ಆಗ ಗೋಡೆಯೂ ಇರಲಿಲ್ಲ, ಬಚ್ಚಲೂ ಇರಲಿಲ್ಲ. ನಾನು ತಡವರಿಸುತ್ತಿರುವಾಗ ಸೊಸೆ ತಲೆ ತಗ್ಗಿಸಿ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಜಗಲಿಯ ಮೇಲೆ ಕುಳಿತಿದ್ದ ದೊಡ್ಡಮ್ಮ ಒಮ್ಮೆ ಅವಳ ಕಡೆ ನೋಡಿದರು. ಬಳಿಕ ಮೊಣಕಾಲಿಗೆ ಕೈಯೂರಿ ಎದ್ದರು.

"ಬಾರಪ್ಪಾ, ನಾನು ತೋರಿಸ್ತೀನಿ. ಇವ್ರಿಗೆ ನಕ್ಷತ್ರ ಗೊತ್ತಾಯ್ತದೆ, ನೆಲ ಗೊತ್ತಾಗಕ್ಕಿಲ್ಲ."

ನೇರ ಹಿತ್ತಲಿಗೆ ನಡೆದು, ಅಡುಗೆಮನೆಯ ಹಿಂಗೋಡೆಗೂ ಬಚ್ಚಲಿಗೂ ನಡುವಿನ ಸಂದಿಯಲ್ಲಿ ನಿಂತು, ಹೆಬ್ಬೆರಳಿನಿಂದ ನೆಲವನ್ನು ಒತ್ತಿ, "ಇಲ್ಲಿ ಅಗೀರಿ" ಎಂದರು. ಮಗ ಹಾರೆ ತಂದು ಅಗೆದ. ಒಂದು ಮೊಳ ಹೋಗುವಷ್ಟರಲ್ಲಿ, ಕಲ್ಲಿಗೆ ಆಧಾರವಾಗಿ ಸುತ್ತ ಬಡಿದಿದ್ದ ಜಲ್ಲಿ, ನಡುವೆ ಚೌಕದ ಗುಂಡಿ ಕಾಣಿಸಿದವು. ಅಣಬೆಯ ಕೋಲನ್ನು ಅಲ್ಲಿಟ್ಟು ನೋಡಿದ ಸರ್ವೇಯರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಗಡಿ ಆ ಸಂದಿಯಲ್ಲಿಯೇ ಹಾದುಹೋಗುತ್ತಿತ್ತು. ಇಡೀ ಮನೆ ನಮ್ಮ ಗ್ರಾಮ, ಮಧುರೆ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು. ಬಚ್ಚಲು ಮಾತ್ರ ನೆಲಮಂಗಲ ತಾಲ್ಲೂಕು.

"ಸದ್ಯ, ಅಷ್ಟಾದ್ರೂ ಉಳೀತಲ್ಲ" ಎಂದರು ದೊಡ್ಡಮ್ಮ. "ದಿನಾ ತವರಿಗೋಗಿ ನೀರು ಹಾಕ್ಕೊಂಡು ಬತ್ತೀನಿ."

ಕಲ್ಲನ್ನು ತಕ್ಷಣ ಹಳೆಯ ಗುಳಿಗೆ ನೆಡಬೇಕೆಂದು ಸರ್ವೇಯರು ಹೇಳಿದರು. ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದಕ್ಕೆ ಮೊದಲು ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಳ್ಳದೆ ಕಲ್ಲನ್ನು ಅಲುಗಿಸಬಾರದೆಂದು ನಾನು ಹೇಳಿದೆ. ಹನ್ನೆರಡಕ್ಕೆ ತಾವು ಇನ್ನೊಂದು ಊರಲ್ಲಿರಬೇಕೆಂದು ಅವರು ಹೇಳಿದರು. ಹೀಗೆ ಧರ್ಮಶಾಸ್ತ್ರವೂ ಕಂದಾಯ ಇಲಾಖೆಯೂ ಒಂದೇ ಗಡಿಯಾರವನ್ನು ನೋಡಿಕೊಂಡು ಕೆಲಸ ಆರಂಭಿಸಿದವು. ನಾನು ಕಲಶವಿಟ್ಟು ಕುಳಿತೆ. ಸಂಕಲ್ಪದಲ್ಲಿ ತಾಲ್ಲೂಕಿನ ಹೆಸರಿಗೆ ಬಂದಾಗ ಅಭ್ಯಾಸಬಲದಿಂದ ಒಂದು ಕ್ಷಣ ನಿಂತೆ. ಹಿಂದಿನಿಂದ ಯಾವ ದನಿಯೂ ಬರಲಿಲ್ಲ. ತಿರುಗಿ ನೋಡುವ ಧೈರ್ಯವಾಗದೆ, ದೊಡ್ಡಬಳ್ಳಾಪುರವೆಂದು ಹೇಳಿ ಮುಂದುವರಿಸಿದೆ.

ಮಂತ್ರ ಸ್ವಲ್ಪ ದೀರ್ಘವಾಯಿತೆಂದು ತೋರುತ್ತದೆ. ಸರ್ವೇಯರು ಬಗ್ಗಿ ಮೆಲ್ಲಗೆ ಕೇಳಿದರು: "ಸ್ವಾಮಿ, ಕಲ್ಲು ಖಾಲಿ ಆಯ್ತಾ?"

"ಇನ್ನೊಂದು ನಿಮಿಷ."

"ಆಗಲಿ, ಆಗಲಿ. ಪೂರ್ತಿ ಇಳ್ಕೊಳ್ಳಲಿ. ಆಮೇಲೆ ನಮ್ಮ ಕಚೇರಿಗೆ ಬಂದು ಕೂತ್ರೆ ಕಷ್ಟ."

ಹತ್ತೂಕಾಲಿಗೆ ಕಲ್ಲು ತನ್ನ ಗುಳಿಯಲ್ಲಿತ್ತು. ಬೇವಿನ ಮರದ ಕೆಳಗೆ ದೊಡ್ಡಮ್ಮನವರು ಹೊಲದಿಂದ ತರಿಸಿಟ್ಟಿದ್ದ ಒಂದು ಗುಂಡುಕಲ್ಲನ್ನು ಇರಿಸಿದರು. ಅದನ್ನು ಅವರು ಹಿಂದಿನ ದಿನವೇ ತೊಳೆಸಿಟ್ಟಿದ್ದರೆಂದು ಆಗ ತಿಳಿಯಿತು. ನಾನು ಅದರ ಮೇಲೆ ಯಾವ ಗುರುತೂ ಇಲ್ಲವೆಂಬುದನ್ನು ಕೆಳಗೂ ಮೇಲೂ ತಿರುಗಿಸಿ ಮೂರು ಸಲ ಪರೀಕ್ಷಿಸಿದ ಮೇಲೆಯೇ ಕಲಶದ ನೀರನ್ನು ಎರೆದೆ.

ಉಳಿದದ್ದು ಮಹಜರು. ಸರ್ವೇಯರು ಬರೆದು ಗಟ್ಟಿಯಾಗಿ ಓದಿದರು: "ಸದರಿ ಗಡಿಕಲ್ಲನ್ನು ಗ್ರಾಮಸ್ಥರು ಅಜ್ಞಾನದಿಂದ ಸ್ಥಳಾಂತರಿಸಿರುತ್ತಾರೆ."

"ಭಕ್ತಿಯಿಂದ ಎಂದು ಬರೆಯಬಹುದಲ್ಲವೇ?" ಎಂದೆ.

"ಭಕ್ತಿಯಿಂದ ಅಂದ್ರೆ ಬೇಕಂತ್ಲೇ ಮಾಡಿದ್ರು ಅಂತ ಆಗುತ್ತೆ ಸ್ವಾಮಿ. ಆಮೇಲೆ ನಿಮಗೇ ತೊಂದರೆ. ಅಜ್ಞಾನ ಅಂದ್ರೆ ಯಾರೂ ಏನೂ ಕೇಳಲ್ಲ."

ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ, ಮೂವತ್ತಕ್ಕೂ ಹೆಚ್ಚು ವರ್ಷ ಓದಿಸಿದವನು, ನನ್ನ ಅಜ್ಞಾನಕ್ಕೆ ನಾನೇ ಸಾಕ್ಷಿಯೆಂದು ಸ್ಪಷ್ಟವಾದ ಅಕ್ಷರಗಳಲ್ಲಿ ರುಜು ಮಾಡಿದೆ. ನನ್ನ ಕೆಳಗೆ ದೊಡ್ಡಮ್ಮನವರು ರುಜು ಮಾಡಬೇಕಿತ್ತು. ಆ ವಾಕ್ಯವನ್ನು ಇನ್ನೊಮ್ಮೆ ಓದಿಸಿಕೊಂಡರು. "ಅಜ್ಞಾನ" ಎಂಬಲ್ಲಿ ಬಹಳ ಗಂಭೀರವಾಗಿ ತಲೆದೂಗಿದರು. ನನ್ನ ಕಡೆ ನೋಡದೆ ಸಹಿ ಹಾಕಿದರು.

ಹತ್ತು ದಿನದಲ್ಲಿ ವಾಸಸ್ಥಳದ ಪತ್ರ ಬಂತು. ಆಯ್ಕೆಯ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ ದಿನ ಸೊಸೆ ಅತ್ತೆಯನ್ನೇ ಕರೆದುಕೊಂಡು ಹೋಗಿ ನೋಡಿಬಂದಳು. ಅವಳ ಹೆಸರಿತ್ತು. ಬರುವಾಗ ಇಬ್ಬರೂ ನಮ್ಮ ಮನೆಗೆ ಬಂದು, ಅವಳು ನಮಸ್ಕಾರ ಮಾಡಿದಳು. ಏನು ಹೇಳಿ ಹರಸಬೇಕೆಂದು ನಾನು ಯೋಚಿಸುತ್ತಿರುವಾಗಲೇ ದೊಡ್ಡಮ್ಮ, "ಮೊದ್ಲು ಎದ್ದೇಳೇ, ಇವ್ರು ಹರಸಕ್ಕೆ 'ಅಥ' ಅನ್ನೋದ್ರೊಳ್ಗೆ ಮಕ್ಳು ಮನೆಗೋಗ್ತವೆ" ಎಂದರು.

ಕೆಲಸಕ್ಕೆ ಸೇರಿದ ಎರಡನೆಯ ವಾರ ಅವಳು ಒಂದು ದೊಡ್ಡ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದಳು. ಊರಿನ ಪ್ರತಿಯೊಂದು ಮನೆಯ ವಿವರವನ್ನೂ ಬರೆದುಕೊಳ್ಳುವುದು ಅಂಗನವಾಡಿಯವರ ಕೆಲಸ. ನಾನು ಆತ್ಮೀಯತೆಯಿಂದ ಕುರ್ಚಿ ಕೊಟ್ಟು, ಕೇಳುವುದಕ್ಕೆ ಮೊದಲೇ ನಮ್ಮ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಕ್ರಮವಾಗಿ ಹೇಳತೊಡಗಿದೆ.

ಅವಳು ಲೇಖನಿಯನ್ನು ಕಾಗದಕ್ಕೆ ತಾಗಿಸಲೇ ಇಲ್ಲ.

"ತಪ್ಪು ತಿಳ್ಕೋಬೇಡಿ ಅಯ್ನೋರೆ" ಎಂದಳು ಬಲು ವಿನಯದಿಂದ. "ನೀವು ಹೇಳಿದ್ದು ಅಂತ ಬರ್ಕೊಳ್ಳೋ ಹಂಗಿಲ್ಲ. ಪಡಿತರ ಚೀಟಿ ತೋರಿಸ್ತೀರಾ?"

ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಕೆಮ್ಮು ಬಂದಿತು. ನಾನು ಎದ್ದು ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಚೀಟಿಯನ್ನು ಹುಡುಕತೊಡಗಿದೆ.